ಒಂದೇ ಹೊತ್ತಿಗೆ ಎಂಟು ಲೆಕ್ಕ

ನಾನು ಒಂದು ಕಂಪ್ಯೂಟರ್. ಕಪ್ಪು ತಗಡಿನ ಮೈ, ಹೊಟ್ಟೆಯೊಳಗೆ ಎರಡು ಫ್ಯಾನು, ಹದಿನಾರು ಕೋರುಗಳು. ಕೋರ್ ಎಂದರೆ ಲೆಕ್ಕ ಮಾಡುವ ಕೈ ಎಂದುಕೊಳ್ಳಿ. ಹುಬ್ಬಳ್ಳಿಯ ಒಂದು ಅಂಗಡಿಯ ಮಾಳಿಗೆಯಲ್ಲಿ, ಎಲ್ಲೆಲ್ಲಿಂದಲೋ ಬಂದ ನನ್ನ ಭಾಗಗಳನ್ನು ಒಬ್ಬ ಮೆಕ್ಯಾನಿಕ್ ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದೊಳಗೆ ಜೋಡಿಸಿದ. ಗುಂಡಿ ಒತ್ತಿದಾಗ ನಾನು ಒಮ್ಮೆ ಬೀಪ್ ಎಂದೆ. ಅದೇ ನನ್ನ ಮೊದಲ ಅಳು.

ನನ್ನನ್ನು ಕೊಂಡವರು ಗುರುಪಾದಪ್ಪ ಮೆಣಸಿನಕಾಯಿ. ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ಅವರದೊಂದು ಚಿಕ್ಕ ಕಾರ್ಖಾನೆ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಮೇಲೆ ಹೀಟರು, ಕೆಳಗೆ ಪುಟ್ಟ ಹಾಸಿಗೆ, ನಡುವೆ ಶಾಖ ಹೆಚ್ಚಿದರೆ ಹೀಟರನ್ನು ತಾನಾಗಿ ಆರಿಸುವ ಒಂದು ಸರ್ಕ್ಯೂಟ್. ಗುರುಪಾದಪ್ಪನವರು ನನ್ನ ನೆತ್ತಿಗೆ ವಿಭೂತಿ ಹಚ್ಚಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂರಿಸಿದರು. ಮೊದಲ ಒಂದು ವರ್ಷ ಹದಿನೈದು ಕೈ ಕಟ್ಟಿಕೊಂಡು ಒಂದೇ ಕೈಯಲ್ಲಿ ದುಡಿದೆ. ಆಗಿದ್ದ ಇಂಜಿನಿಯರ್ ಪತ್ರಗಳನ್ನು ಟೈಪ್ ಮಾಡುತ್ತಿದ್ದರು; ಆಗೊಮ್ಮೆ ಈಗೊಮ್ಮೆ ಒಂದು ಸಿಮ್ಯುಲೇಶನ್ ಓಡಿಸುತ್ತಿದ್ದರು. ಅಂದರೆ ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೆಂದು ಲೆಕ್ಕದಲ್ಲೇ ಪರೀಕ್ಷಿಸಿ ನೋಡುವುದು. ಅವರು ಬೇರೆ ಕೆಲಸ ಹಿಡಿದು ಹೋದ ಮೇಲೆ ಬಂದವಳು ಸುವರ್ಣಾ ಬಡಿಗೇರ.

ಸುವರ್ಣಾಳಿಗೆ ಇಪ್ಪತ್ತಾರು ವರ್ಷ. ಚೀಲದ ತುಂಬ ಹುರಿದ ಶೇಂಗಾ, ಕಿವಿಯ ಹಿಂದೆ ಪೆನ್ಸಿಲ್. ಅವಳ ಮೊದಲ ಕೆಲಸ ಸುಲಭದ್ದೇ ಆಗಿತ್ತು. ಇಪ್ಪತ್ತು ವಾರ್ಮರ್‌ಗಳು ಪೆಟ್ಟಿಗೆ ಸೇರಿ ತಾಲೂಕು ಆಸ್ಪತ್ರೆಗಳಿಗೆ ಹೊರಡಲು ಸಿದ್ಧವಾಗಿದ್ದವು. ಲಾರಿ ಬರಲು ನಾಲ್ಕು ದಿನವಿತ್ತು. ಅಷ್ಟರೊಳಗೆ ಪರೀಕ್ಷಾ ವರದಿಯನ್ನು ನೀಟಾಗಿ ಬರೆದು ಕೊಡಬೇಕಿತ್ತು.

ಹಳೆಯ ಕಡತ ತೆರೆದ ಅವಳು ತಲೆ ಕೆರೆದುಕೊಂಡಳು. ಸರ್ಕ್ಯೂಟನ್ನು ಒಂದೇ ಸ್ಥಿತಿಯಲ್ಲಿ ಪರೀಕ್ಷಿಸಿದ್ದರು: ಕರೆಂಟು ಸರಿಯಾಗಿದ್ದು ಕೋಣೆ ತಂಪಾಗಿದ್ದಾಗ. ವೋಲ್ಟೇಜು ಇಳಿದರೆ, ಕೋಣೆ ಕಾದರೆ, ಬಿಡಿಭಾಗಗಳ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ. ಎಲ್ಲ ಬಗೆಗಳನ್ನೂ ಪಟ್ಟಿ ಮಾಡಿದಾಗ ಇನ್ನೂರಾ ನಲವತ್ತಾಯಿತು. ಒಂದೊಂದಕ್ಕೂ ನನಗೆ ನಲವತ್ತು ನಿಮಿಷ ಬೇಕು. ಒಂದಾದ ಮೇಲೊಂದು ಓಡಿಸಿದರೆ ಹತ್ತಿರ ಹತ್ತಿರ ಏಳು ದಿನ. ಲಾರಿ ಅಷ್ಟು ಕಾಯುವುದಿಲ್ಲ.

ಅವಳು ಸಾಫ್ಟ್‌ವೇರಿನ ಮೂಲೆ ಮೂಲೆ ತಡಕಿದಳು. ಒಂದೇ ಹೊತ್ತಿಗೆ ಎಷ್ಟು ಸಿಮ್ಯುಲೇಶನ್ ಓಡಬೇಕು ಎಂದು ಕೇಳುವ ಜಾಗವೊಂದು ಸಿಕ್ಕಿತು. ಅಲ್ಲಿ 'ಒಂದು' ಎಂದಿತ್ತು. ಅವಳು 'ಹದಿನಾರು' ಎಂದು ತುಂಬಿದಳು.

ನನ್ನ ಅಷ್ಟೂ ಕೈಗಳಿಗೆ ಒಮ್ಮೆಲೇ ಕೆಲಸ ಬಂದದ್ದು ಅದೇ ಮೊದಲು. ಹುರುಪಿನಿಂದ ಶುರುಮಾಡಿದೆ. ಫ್ಯಾನುಗಳು ಮಿಕ್ಸರ್‌ನಂತೆ ಮೊರೆದವು. ಆದರೆ ಕೈ ಹದಿನಾರಿದ್ದರೇನು, ಲೆಕ್ಕ ಬರೆದಿಟ್ಟುಕೊಳ್ಳುವ ಮೆಮೊರಿ ಅಷ್ಟಕ್ಕೆ ಸಾಲಬೇಕಲ್ಲ? ಹತ್ತೇ ನಿಮಿಷದಲ್ಲಿ ಪರದೆ ನಿಂತ ಹಾಗೇ ನಿಂತುಬಿಟ್ಟಿತು. ಒಳಗೆ ಏನು ರುಬ್ಬುತ್ತಿದ್ದೀ ಎಂದು ಕೇಳುತ್ತ ಬಂದ ಗುರುಪಾದಪ್ಪನವರು ನನ್ನ ಮೈ ಮುಟ್ಟಿ ಕೈ ಹಿಂದೆಗೆದರು. ಸುವರ್ಣಾ ನಕ್ಕು, ಮತ್ತೆ ಚಾಲೂ ಮಾಡಿ, ಹದಿನಾರನ್ನು ಅಳಿಸಿ ಎಂಟು ಮಾಡಿದಳು. ನನ್ನ ಪಕ್ಕದ ತಗಡು ಬಿಚ್ಚಿ ಮೇಜಿನ ಫ್ಯಾನನ್ನು ನನ್ನತ್ತ ತಿರುಗಿಸಿ, ತಾನು ವರದಿಯ ಕಾಗದಗಳಿಂದ ಗಾಳಿ ಬೀಸಿಕೊಂಡಳು.

ಎಂಟು ನನಗೆ ಹಿತವಾಗಿತ್ತು. ಒಂದು ಮುಗಿದ ಕೂಡಲೇ ಇನ್ನೊಂದು ಅದರ ಜಾಗಕ್ಕೆ ಬರುತ್ತಿತ್ತು. ಮರುದಿನ ಊಟದ ಹೊತ್ತಿಗೆ ಇನ್ನೂರಾ ನಲವತ್ತೂ ಮುಗಿದವು. ಫಲಿತಾಂಶದ ಪಟ್ಟಿಯಲ್ಲಿ ಮೂರು ಸಾಲು ಕೆಂಪಾಗಿದ್ದವು; ಆ ಮೂರರಲ್ಲಿ ಸರ್ಕ್ಯೂಟ್ ಸೋತಿತ್ತು.

ಸುವರ್ಣಾ ಆ ಮೂರನ್ನೂ ಎರಡೆರಡು ಸಲ ಓಡಿಸಿದಳು. ಆಮೇಲೆ ಗುರುಪಾದಪ್ಪನವರನ್ನು ಕರೆದಳು.

"ಸರ, ವೋಲ್ಟೇಜ್ ಕಡಿಮಿ ಆಗಿ ಬಿಸಲೂ ಜೋರಿದ್ರ ಹೀಟರ್ ಬಂದ್ ಆಗಂಗಿಲ್ರಿ. ಎಲ್ಲಾ ಮಷೀನಿಗೂ ಅಲ್ಲ. ಯಾವುದೋ ಒಂದಕ್ಕ."

ಅವರಿಗೆ ನಂಬಿಕೆ ಬರಲಿಲ್ಲ. ಆ ಕಾರ್ಖಾನೆಗೆ ಅದೇ ಅತಿ ದೊಡ್ಡ ಬೇಡಿಕೆ, ತಡವಾದರೆ ಕೈತಪ್ಪಬಹುದಿತ್ತು.

"ತಿಂಗಳಾತವಾ, ಮಾದರಿ ಮಷೀನ್ ಇಲ್ಲೇ ಓಡಾಕತ್ತೈತಿ. ಒಮ್ಮೆರ ತಪ್ಪೇತೇನು?"

"ಇಲ್ಲಿ ಕರೆಂಟ್ ಛಲೋ ಐತ್ರಿ. ನಮ್ಮ ಅಕ್ಕನ ಕೂಸು ತಾಲೂಕ ದವಾಖಾನ್ಯಾಗ ಹದಿಮೂರು ದಿನ ಇಂಥಾದರಾಗ ಮಲಗಿತ್ತು. ಅಲ್ಲಿ ಮಧ್ಯಾಹ್ನ ಆತಂದ್ರ ಟ್ಯೂಬ್‌ಲೈಟ್ ಸೈತ ಹತ್ತತಿರಲಿಲ್ರಿ."

ಗುರುಪಾದಪ್ಪನವರು ಕೆಂಪು ಸಾಲುಗಳನ್ನು ಒಂದೊಂದಾಗಿ ಓದಿದರು. ನಂತರ ಮಾದರಿ ವಾರ್ಮರನ್ನು ನನ್ನ ಎದುರಿಗೇ ಎಳೆದು ತಂದರು. ಸುವರ್ಣಾ ಕೆಂಪು ಸಾಲಿನಲ್ಲಿದ್ದ ಅಳತೆಯ ಬಿಡಿಭಾಗಗಳನ್ನು ಡಬ್ಬಿಯಿಂದ ಆರಿಸಿ ಅದಕ್ಕೆ ಬೆಸೆದಳು. ಕಿಟಕಿ ಮುಚ್ಚಿದರು, ಕೋಣೆ ಕಾಯಿಸಿದರು, ವೋಲ್ಟೇಜನ್ನು ನೂರಾ ಎಪ್ಪತ್ತಕ್ಕೆ ಇಳಿಸಿದರು. ಹಾಸಿಗೆಯ ಮೇಲೆ ಕೂಸಿನ ಬದಲಿಗೆ ನೀರು ತುಂಬಿದ ರಬ್ಬರ್ ಚೀಲ, ಅದಕ್ಕೊಂದು ಥರ್ಮಾಮೀಟರ್. ಇಬ್ಬರೂ ಬೆವರುತ್ತ ಕೂತರು. ಮೂವತ್ತೇಳು ದಾಟಿತು. ಮೂವತ್ತೆಂಟು ದಾಟಿತು. ಹೀಟರ್ ಆರಲಿಲ್ಲ, ಎಚ್ಚರಿಕೆಯ ದೀಪವೂ ಹತ್ತಲಿಲ್ಲ. ಮೂವತ್ತೊಂಬತ್ತಕ್ಕೆ ಗುರುಪಾದಪ್ಪನವರೇ ಎದ್ದು ವೈರು ಕಿತ್ತರು.

"ಎಲ್ಲಾ ಪೆಟಗಿ ಬಿಚ್ಚೂಣು," ಎಂದರು. "ಮೊದಲನೇದು ನಾನ ಬಿಚ್ತೀನಿ."

ಆಸ್ಪತ್ರೆಯವರಿಗೆ ಫೋನ್ ಮಾಡಿ, ತಪ್ಪು ನಮ್ಮದೇ, ಹತ್ತು ದಿನ ಕೊಡಿ ಎಂದು ಕೇಳಿಕೊಂಡರು. ಅತ್ತಲಿಂದ ಒಳ್ಳೆಯ ಮಾತೇನೂ ಬರಲಿಲ್ಲ. ಆದರೂ ಹತ್ತು ದಿನ ಸಿಕ್ಕಿತು. ಸುವರ್ಣಾ ಸರ್ಕ್ಯೂಟ್ ತಿದ್ದಿದಳು. ನಾನು ಮತ್ತೆ ಎಂಟೆಂಟರಂತೆ ಇನ್ನೂರಾ ನಲವತ್ತನ್ನೂ ಓಡಿಸಿದೆ. ಒಂದೂ ಕೆಂಪಾಗಲಿಲ್ಲ. ಇಪ್ಪತ್ತು ಮಷೀನುಗಳೂ ದುರಸ್ತಿಯಾಗಿ ಲಾರಿ ಏರಿದ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಮಿರ್ಚಿ ಭಜಿ. ಗುರುಪಾದಪ್ಪನವರು ನನಗೆ ಇನ್ನಷ್ಟು ಮೆಮೊರಿ ಹಾಕಿಸಿದರು. ನನ್ನ ಪಾಲಿಗೆ ಅದೇ ಭಜಿ.

ಆರು ವರ್ಷ ಹೀಗೆ ಕಳೆಯಿತು. ಕಾರ್ಖಾನೆ ಬೆಳೆದು ಹೊಸ ಯಂತ್ರಗಳು ಬಂದಾಗ ಅವರು ನನ್ನನ್ನು ಗದಗಿನ ಒಂದು ಪಾಲಿಟೆಕ್ನಿಕ್‌ಗೆ ದಾನ ಕೊಟ್ಟರು. ಅಲ್ಲಿ ಧೂಳೂ ಜಾಸ್ತಿ, ಕೀಲಿಗಳನ್ನು ಕುಟ್ಟುವ ಬೆರಳುಗಳೂ ಜಾಸ್ತಿ. ಒಂದು ಫ್ಯಾನು ನಿಂತಿತು, ಮೆಮೊರಿಯ ಪಟ್ಟಿಗಳು ಒಂದೊಂದಾಗಿ ಕೆಟ್ಟವು. ಈಗ ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ಲೆಕ್ಕ ನನ್ನಿಂದಾಗದು. ಬಾಗಿಲ ಹಿಂದಿನ ಮೂಲೆ ನನ್ನ ಜಾಗ.

ಈ ವಾರ ನಸೀಮಾ ಎಂಬ ವಿದ್ಯಾರ್ಥಿನಿ ನನ್ನ ಬಳಿ ಬಂದಿದ್ದಾಳೆ. ಅವಳ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಬಾಗಿಲ ಗಂಟೆ ಒತ್ತಿದರೆ ಅಡುಗೆಮನೆಯಲ್ಲಿ ದೀಪ ಮಿನುಗುವಂಥ ಸರ್ಕ್ಯೂಟ್ ಬರೆದಿದ್ದಾಳೆ. ಹೊಸ ಕಂಪ್ಯೂಟರುಗಳ ಮುಂದೆ ಸರದಿ ಉದ್ದವಿದ್ದುದರಿಂದ ನನ್ನಲ್ಲಿ ಎರಡು ಓಟ ಹಚ್ಚಿ, ಸ್ಟೂಲ್ ಎಳೆದುಕೊಂಡು ಕೂತಳು.

ಹದಿನಾರು ಕೈಗಳ ಗರ್ವದಲ್ಲಿದ್ದಾಗ ನಾನು ಸಂಖ್ಯೆಗಳನ್ನಷ್ಟೇ ಎಣಿಸುತ್ತಿದ್ದೆ. ನಿಧಾನವಾದ ಮೇಲೆ, ಕಾಯುವವರು ನನ್ನ ಮುಂದೆ ಕೂತು ಮಾತಾಡುವುದನ್ನು ಕೇಳುತ್ತೇನೆ. ಬಂದವರು ಬಾಗಿಲಲ್ಲೇ ನಿಂತು ಸಾಕಾಗಿ ತಿರುಗಿ ಹೋಗುತ್ತಾರೆ, ಅಜ್ಜಿಗೆ ಅದು ಗೊತ್ತೇ ಆಗುವುದಿಲ್ಲ ಎಂದು ನಸೀಮಾ ಗೆಳತಿಗೆ ಹೇಳುತ್ತಿದ್ದಳು. ಮೊದಲನೆಯ ಓಟ ಮುಗಿಯಿತು, ಸರಿಯಾಗಿದೆ. ಎರಡನೆಯದು ಅರ್ಧ ದಾಟಿದೆ. ಅವಳು ಪರದೆಗೆ ಇನ್ನೂ ಹತ್ತಿರ ಸರಿದಿದ್ದಾಳೆ, ನನ್ನ ಉಳಿದಿರುವ ಒಂದೇ ಫ್ಯಾನು ಹಾಡುತ್ತ ತಿರುಗುತ್ತಿದೆ.