ಹತ್ತಿರದವರ ಸಹಿ

ಸುಮತಿ ಮಿದುಳು ದಾನದ ಫಾರ್ಮನ್ನು ಮೂರನೆಯ ಸಲ ಅಮರೇಶಪ್ಪನವರ ಮುಂದೆ ಚಾಚಿದಳು. ಅವರು ಮೂರನೆಯ ಸಲವೂ ಮುಖ ತಿರುಗಿಸಿದರು.

"ಮಧ್ಯಾಹ್ನ ಒಂದರೊಳಗೆ ಆಗ್ಬೇಕು ಸಾರ್. ಮೇಡಂ ತೀರಿಕೊಂಡಿದ್ದು ಬೆಳಿಗ್ಗೆ ಏಳಕ್ಕೆ. ಆರು ತಾಸು ದಾಟಿದ್ರೆ ಮಿದುಳಿನ ರಾಸಾಯನಿಕಗಳು ಕೆಟ್ಟುಹೋಗ್ತವೆ. ಆಮೇಲೆ ತೆಗೆದ್ರೂ ಉಪಯೋಗ ಇಲ್ಲ."

"ತಲಿ ಒಡದ ಹೆಣಾ ಹ್ಯಾಂಗ ಕುಂಡ್ರಸೂದು? ಸ್ವಾಮಿಗಳು ಯಾವ ತಲಿ ಮ್ಯಾಲೆ ಪಾದ ಇಡಬೇಕು?"

"ಹೊಲಿಗೆ ಯಾರಿಗೂ ಕಾಣಲ್ಲ. ಮೇಲೆ ಬಟ್ಟೆ ಸುತ್ತಿರ್ತಾರೆ."

"ಮಂದಿ ಏನಂತಾರ್ರೀ?" ಎಂದ ಪಕ್ಕದಲ್ಲಿ ನಿಂತಿದ್ದ ಶಾಂತಕುಮಾರ. ಅಮರೇಶಪ್ಪನವರ ಮಗ. ತಂದೆಯನ್ನು ರಾಯಚೂರಿನಿಂದ ಕಾರಿನಲ್ಲಿ ಕರೆತಂದವನು ಅವನೇ. ಅವರು ತಾರ್ನಾಕದ ಈ ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದೂವರೆ ಆಗಿತ್ತು.

ಡಾ. ಶಿವದೇವಿಯವರನ್ನು ಹಾಲಿನ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಎಪ್ಪತ್ತೆಂಟು ವರ್ಷದ ಜೀವ. ಮದುವೆಯಿಲ್ಲ, ಮಕ್ಕಳಿಲ್ಲ, ಹತ್ತಿರದ ರಕ್ತವೆಂದರೆ ತಮ್ಮ ಅಮರೇಶಪ್ಪ ಒಬ್ಬರೇ. ಸತ್ತವರ ಮಿದುಳಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೆ ಅವರಿಗಿಂತ ಮೊದಲು ಅವರ ಸಂಶೋಧನಾ ಸಂಸ್ಥೆಯಲ್ಲಿ ಯಾರೂ ಕೈ ಹಾಕಿರಲಿಲ್ಲ. ಮೈಸೂರಿನಿಂದ ವಿದ್ಯಾರ್ಥಿನಿಯಾಗಿ ಬಂದ ಸುಮತಿ ಇಪ್ಪತ್ತು ವರ್ಷ ಅವರ ಜೊತೆ ದುಡಿದಿದ್ದಳು. ಗೇಟಿನಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಆಸ್ಪತ್ರೆ ಹತ್ತು ನಿಮಿಷದ ದಾರಿ.

ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕ ಜಯತೀರ್ಥ ದೊಡ್ಡದೊಂದು ಹೂವಿನ ಚಕ್ರ ಹಿಡಿದು ಬಂದರು. ಶಿವದೇವಿ ನಿವೃತ್ತರಾದ ಮರುದಿನವೇ ಅವರ ಲ್ಯಾಬನ್ನು ಹಳೇ ಕುರ್ಚಿ ತುಂಬುವ ಕೋಣೆ ಮಾಡಿದ ಪುಣ್ಯಾತ್ಮ. ಈಗ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸಾರ್, ನೀವಾದ್ರೂ ಒಂದು ಮಾತು ಹೇಳಿ," ಎಂದಳು ಸುಮತಿ. "ಮೇಡಂ ತಾವೇ ಸಹಿ ಹಾಕಿಟ್ಟಿದಾರೆ."

"ಹತ್ತಿರದವರ ಸಹಿ ಇಲ್ಲದ ಮುಟ್ಟಂಗಿಲ್ಲಮ್ಮಾ. ಆ ರೂಲ್ ಬರದಾವ್ರು ಯಾರು? ಇವರ ಅಲ್ಲೇನು?" ಜಯತೀರ್ಥ ಹೆಣದ ಕಡೆ ಕೈ ತೋರಿಸಿದರು.

ಸುಮತಿಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಹೇಳಿದ್ದು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು.

*

ಮೂವತ್ತೇಳು ವರ್ಷದ ಹಿಂದೆ ಶಿವದೇವಿ ಕಾರ್ಖಾನೆಗಳ ಊರಾದ ಪಟಾನ್‌ಚೆರುವಿನ ಒಂದು ಬಾಡಿಗೆ ಕೋಣೆಯ ಮುಂದೆ ಹೆಮ್ಮೆಯಿಂದಲೇ ನಿಂತಿದ್ದರು. ಒಳಗೆ ಸುಗಲಮ್ಮ ಅಕ್ಕಿ ಆರಿಸುತ್ತಿದ್ದಳು. ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳ ಗಂಡ ಕೈಕಾಲು ನಡುಗಿ ನಡುಗಿ ಸತ್ತು ತಿಂಗಳಾಗಿತ್ತು.

"ನಿನ್ನ ಗಂಡನ ಮಿದುಳಿನ್ಯಾಗ ಕೈಕಾಲು ಹಿಡತದಾಗ ಇಡೂ ಡೋಪಮಿನ್ ಅಂಬೂದು ಅರ್ಧನೂ ಉಳಿದಿಲ್ಲವಾ. ಕಾರ್ಖಾನಿ ಹೊಗಿ ತಿಂದಿರಬೇಕು. ಇನ್ನಷ್ಟು ಮಂದೀದು ನೋಡಿದ್ರ ಸಾಬೀತ ಮಾಡಬೌದು."

ಸುಗಲಮ್ಮ ಮೊರ ಕೆಳಗಿಟ್ಟಳು. "ಅಂವನ ಮಿದುಳು ನಿಮಗ ಯಾರ ಕೊಟ್ಟರ್ರೀ?"

"ಶವಾಗಾರದಾಗ..."

"ನನ್ನ ಕೇಳಿದ್ರೇನು? ಇಡೀ ಅದಾನ ಅಂದ್ಕೊಂಡು ಮಣ್ಣು ಮಾಡೀನಿ ನಾ. ವಿಷಾ ಹಾಕಿದವರೂ ಕೇಳಲಿಲ್ಲ, ಕದ್ದವರೂ ಕೇಳಲಿಲ್ಲ."

ಶಿವದೇವಿ ಬಂದ ದಾರಿಯಲ್ಲೇ ತಿರುಗಿದರು. ಮರುದಿನ ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮತ್ತೆ ಬಂದು ಉಳಿದ ಮಿದುಳನ್ನು ಅವಳಿಗೆ ಒಪ್ಪಿಸಿದರು. ವಾಪಸು ಹೋಗಿ ನಿಯಮ ಬರೆದರು: ಸತ್ತವರು ಏನೇ ಬರೆದಿಟ್ಟಿರಲಿ, ಉಳಿದವರು ಒಪ್ಪದೆ ಮುಟ್ಟಬಾರದು. ಆಮೇಲೆ ಹನ್ನೊಂದು ವರ್ಷ ಸಾವಿನ ಮನೆಗಳ ಬಾಗಿಲಲ್ಲಿ ನಿಂತು, ಬೈಸಿಕೊಂಡು, ಮೂವತ್ತೊಂದು ಮಿದುಳು ಕೂಡಿಸಿ ಆ ವಿಷವನ್ನು ಸಾಬೀತು ಮಾಡಿದರು. ಅವುಗಳಲ್ಲಿ ಒಂಬತ್ತನ್ನು ಮನೆಯವರ ಮನವೊಲಿಸಿ ಕೊಡಿಸಿದವಳು ಸುಗಲಮ್ಮ.

*

ಹನ್ನೆರಡೂವರೆಗೆ ಸುಮತಿ ಅಮರೇಶಪ್ಪನವರ ಎದುರು ನೆಲದ ಮೇಲೆ ಕೂತಳು.

"ಮೂರು ವರ್ಷದಿಂದ ಮೇಡಂ ಕೈ ನಡುಗ್ತಿತ್ತು ಸಾರ್. ನಿಮ್ಮ ತಾಯಿಗೂ ಇತ್ತಂತೆ. ಇದು ಮನೆತನದ್ದೇ ಇರಬೇಕು, ನನ್ನದನ್ನ ನೋಡಿದ್ರೆ ತಿಳಿಯುತ್ತೆ ಅಂತಿದ್ರು."

ಅಮರೇಶಪ್ಪ ಶಲ್ಯವನ್ನು ಬಿಗಿಯಾಗಿ ಹೊದ್ದುಕೊಂಡರು. "ಅವ್ವ ಸತ್ತಾಗೂ ಆಕಿ ಡಬ್ಬಿ ಹಿಡಕೊಂಡ ಬಂದಿದ್ಲು. ಅಳೂಕಿಂತ ಮೊದಲ ಅದನ್ನ ಕೇಳಿದ್ಲು. ನಾ ಅಂಗಳಕ್ಕ ಒಗದೆ. ಇವತ್ತ ಒಪ್ಪಿದ್ರ ಅವತ್ತ ನಾ ಮಾಡಿದ್ದು ತಪ್ಪಾಗತೈತಿ."

"ತಪ್ಪೇ ಮಾಡಿದ್ರಿ!" ಸುಮತಿ ಕೂಗಿಬಿಟ್ಟಳು. ಹೆಣದ ಪಕ್ಕ ಹಾಡುತ್ತಿದ್ದ ಭಜನೆಯವರು ನಿಲ್ಲಿಸಿ ನೋಡಿದರು. ಶಾಂತಕುಮಾರ ಅವಳನ್ನು ತೋಳು ಹಿಡಿದು ಹೊರಗೆ ಬಿಟ್ಟುಬಂದ.

ಒಂದು ಗಂಟೆ ಆಯಿತು. ಸ್ವಾಮಿಗಳು ತಲೆಯ ಮೇಲೆ ಪಾದವಿಟ್ಟರು. ಸುಮತಿ ಆಂಬುಲೆನ್ಸ್ ವಾಪಸು ಕಳಿಸಿದಳು.

*

ರುದ್ರಭೂಮಿಯ ಕುಣಿಯಲ್ಲಿ ಶಿವದೇವಿಯವರನ್ನು ಕೂರಿಸಿ ಪತ್ರೆ ತುಂಬಿದರು. ಅಮರೇಶಪ್ಪ ವಿಭೂತಿ ಗಟ್ಟಿ ಎತ್ತಿಕೊಂಡರು. ಅದು ಕುಣಿ ಮುಟ್ಟುವ ಮೊದಲೇ ಕೈಜಾರಿ ಬಿತ್ತು. ಇನ್ನೊಂದು ಕೊಟ್ಟರು, ಅದೂ ಬಿತ್ತು. ದುಃಖ ತಡೆಯಲಾಗುತ್ತಿಲ್ಲ ಎಂದು ಜನ ಮರುಗಿದರು. ಸುಮತಿ ಮಾತ್ರ ಅವರ ಬೆರಳು ನೋಡುತ್ತಿದ್ದಳು. ಹೆಬ್ಬೆರಳು, ತೋರುಬೆರಳು ಬತ್ತಿ ಹೊಸೆದಂತೆ ತಮ್ಮಷ್ಟಕ್ಕೆ ಆಡುತ್ತಿದ್ದವು.

ಎಲ್ಲ ಮುಗಿದ ಮೇಲೆ ಅವರೇ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಸುಮತಿಯ ಹತ್ತಿರ ಬಂದರು.

"ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ. ಆ ಕಾಗದ ಇನ್ನೊಂದು ಐತೇನು? ನನ್ನ ಹೆಸರು ಬರಕೋರಿ."

"ಮಧ್ಯಾಹ್ನ ಎಲ್ಲಿ ಹೋಗಿತ್ತು ಸಾರ್ ಈ ಬುದ್ಧಿ?"

ಸುಮತಿ ಸಿಟ್ಟಿನಿಂದಲೇ ಫಾರ್ಮ್ ತೆಗೆದು ಪೆನ್ನು ಕೊಟ್ಟಳು. ಅವರು ಎಡಗೈಯಿಂದ ಬಲಗೈ ಹಿಡಿದುಕೊಂಡು ತುಂಬ ಹೊತ್ತು ಬರೆದರು.

"ಆತಲ್ಲ?"

"ಇಲ್ಲ. ನಿಮ್ಮದು ಒಂದೇ ಸಾಲದು. ನೀವು ಹೋದ ದಿನ ಮಗ ಹಾಕ್ಬೇಕು."

ಶಾಂತಕುಮಾರ ಕಾರಿನ ಬಾಗಿಲು ತೆರೆದು ನಿಂತಿದ್ದ.

"ಶಾಂತೂ, ಕೇಳಿದೆಲ್ಲೋ?" ಎಂದರು ಅಮರೇಶಪ್ಪ.

ಅವನು ಫಾರ್ಮು ನೋಡಿದ, ಅಪ್ಪನ ಕೈ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.