‘ಪರವಾಗಿಲ್ಲ’ ಅಂದದ್ದು ಐದು ಸಲ

ನಮ್ಮ ಬೀದಿಯಲ್ಲಿ ಸೊಂಟ ನೋಯದ ಹೆಂಗಸರು ಯಾರಾದರೂ ಇದ್ದರೆ ಕೈಯೆತ್ತಿ ಎಂದರೆ ಒಂದು ಕೈಯೂ ಮೇಲೇಳುವುದಿಲ್ಲ. ಎತ್ತಿದರೆ ಭುಜ ನೋಯುತ್ತದೆ, ಆ ಮಾತು ಬೇರೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ದುಡಿಯುವುದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಅಲ್ಲಿಗೆ ಲಾರಿಗಟ್ಟಲೆ ಬರುತ್ತದೆ. ಒಗೆಯುವುದು ಯಂತ್ರ, ನಿಜ. ಆದರೆ ಒಗೆದ ಒದ್ದೆ ಬಟ್ಟೆಯನ್ನು ಅದರ ಹೊಟ್ಟೆಯಿಂದ ಎಳೆದು ಹಾಕುವುದು ನಾವೇ. ನಾನು ಇಸ್ತ್ರಿ ವಿಭಾಗದವಳು. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ.

ಈ ಕಥೆ ನನ್ನ ಪಕ್ಕದ ಮನೆಯ ಮಿಂಚಕ್ಕನದು. ಯಂತ್ರದ ಮುಂದೆ ಅವಳಷ್ಟು ಚುರುಕು ಯಾರೂ ಇರಲಿಲ್ಲ, ಅದಕ್ಕೇ ಆ ಅಡ್ಡಹೆಸರು. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾಸುಬಟ್ಟೆಗಳೆಲ್ಲ ಹಗ್ಗದ ಹಾಗೆ ಹೊಸೆದುಕೊಂಡು ಯಂತ್ರದೊಳಗೆ ಸಿಕ್ಕಿಕೊಂಡಿದ್ದವು. ಅವಳು ಕಾಲು ಊರಿ ಎಳೆದಳು. ಸೊಂಟದಲ್ಲಿ ಛಳಕ್ ಎಂದಿತು. ಕಣ್ಣಿಗೆ ಕತ್ತಲೆ ಬಂದು ನೆಲಕ್ಕೆ ಕುಸಿದಳು.

ಮೇಸ್ತ್ರಿ ಓಡಿ ಬಂದು, “ಏನಾಯ್ತಮ್ಮ?” ಎಂದ.

“ಪರವಾಗಿಲ್ಲ ಸಾರ್,” ಎಂದಳು. ಎದ್ದಳು, ಹಲ್ಲು ಕಚ್ಚಿಕೊಂಡು ಪಾಳಿ ಮುಗಿಸಿದಳು. ಮೂರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಆಗ ಅಪಘಾತದ ಪುಸ್ತಕದಲ್ಲಿ ಬರೆದರು, ‘ತಡವಾಗಿ ತಿಳಿಸಿದ್ದಾರೆ’ ಎಂಬ ಷರಾ ಸಮೇತ.

ಒಂದು ತಿಂಗಳು ಮಲಗಿದಳು. ಆಮೇಲೆ ಟವೆಲ್ ಮಡಚುವ ಹಗುರ ಕೆಲಸ ಕೊಟ್ಟರು. ಪರಿಹಾರಕ್ಕೆ ಅರ್ಜಿ ಹಾಕಿ, ಆಗಾಗ ಪರಿಹಾರ ಕಚೇರಿಯ ಡಾಕ್ಟರ ಹತ್ತಿರ ಹೋಗಿಬರುತ್ತಿದ್ದಳು. ಹೊರಗೆ ಕಾಯುವುದು ಮೂರು ಗಂಟೆ, ಒಳಗೆ ಎರಡು ನಿಮಿಷ. ಇತ್ತೀಚೆಗೆ ಅಲ್ಲಿಂದ ಒಂದು ಪತ್ರ ಬಂತು. ಅದನ್ನು ಹಿಡಿದು ನನ್ನ ಮನೆಗೆ ಬಂದವಳ ಮುಖ ಬಿಳಿಚಿಕೊಂಡಿತ್ತು.

ನಾನು ಓದಿದೆ. ‘ಕಾರ್ಮಿಕೆಯ ಹೇಳಿಕೆಯಂತೆಯೇ ಆಕೆಯ ಸ್ಥಿತಿ ತೃಪ್ತಿಕರ. ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡುಬಂದಿಲ್ಲ. ಪರಿಹಾರ ಕೊಡಲು ಬರುವುದಿಲ್ಲ. ಮುಂದಿನ ತಿಂಗಳಿನಿಂದ ಹಳೆಯ ಕೆಲಸಕ್ಕೇ ಹಾಜರಾಗತಕ್ಕದ್ದು.’ ಹಳೆಯ ಕೆಲಸ ಎಂದರೆ ಅದೇ ಯಂತ್ರ, ಅದೇ ಒದ್ದೆ ಬಟ್ಟೆ. ಮೇಲ್ಮನವಿ ಸಲ್ಲಿಸಲು ಉಳಿದದ್ದು ಹನ್ನೆರಡೇ ದಿನ.

“ಇನ್ನೊಂದ್ಸಲ ಹಾಗೆ ಎಳೆದ್ರೆ ನಾನು ಏಳಲ್ಲ ಕಣೆ,” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. “ತೃಪ್ತಿಕರವಂತೆ! ಯಾರಿಗೆ ತೃಪ್ತಿ?”

ಅಷ್ಟರಲ್ಲಿ ಅವಳ ಗಂಡನೂ ಹಿಂದೆಯೇ ಬಂದ. ಬಸ್ ಡ್ರೈವರ್, ನಾನು ಭಾವ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ, ಆದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ. “ನೀನು ಸುಮ್ನಿರಮ್ಮ,” ಎಂದ. “ಸ್ಕ್ಯಾನಲ್ಲೇ ಏನೂ ಇಲ್ಲ ಅಂದ್ಮೇಲೆ ನಾವೇನು ಹೇಳೋದು? ಹೆದರ್ಕೊಂಡು ಕೂತಿದ್ದಾಳೆ ಅಷ್ಟೆ. ಕೆಲಸಕ್ಕೆ ಹೋದ್ರೆ ಮೈ ಸಡಿಲ ಆಗುತ್ತೆ.”

“ಭಾವ, ನಿಮ್ಮ ಬಸ್ಸಿನ ಇಂಜಿನ್ನು ಒಳಗೆ ಟಕಟಕ ಅಂತಿದ್ರೆ, ಹೊರಗೆ ಬಣ್ಣ ಚೆನ್ನಾಗಿದೆ ಅಂತ ಜನ ತುಂಬ್ಕೊಂಡು ಹೋಗ್ತೀರಾ?”

“ಇಂಜಿನ್ನು ಸದ್ದು ಮಾಡುತ್ತೆ. ಇವಳು ಮಾಡಲ್ವಲ್ಲ!” ಎಂದ.

ಮಾರನೆಯ ದಿನ ಇಬ್ಬರನ್ನೂ ಸರಕಾರಿ ದವಾಖಾನೆಯ ನರ್ಸಮ್ಮನ ಹತ್ತಿರ ಎಳೆದುಕೊಂಡು ಹೋದೆ. ಇಂಥ ಕಾಗದಗಳನ್ನು ನೋಡಿ ನೋಡಿ ಪಳಗಿದ ಹೆಂಗಸು. ಅವರು ಹೇಳಿದಂತೆ ಅಂದೇ ಕಚೇರಿಯಿಂದ ಡಾಕ್ಟರ ಟಿಪ್ಪಣಿಗಳ ನಕಲು ತಂದೆವು. ಐದು ಭೇಟಿ, ಐದು ಸಾಲು. ಐದರಲ್ಲೂ ಒಂದೇ ಪದ: ತೃಪ್ತಿಕರ.

“ಡಾಕ್ಟ್ರು ಹೇಗಿದ್ದೀರಿ ಅಂದಾಗ ಏನಂದ್ರಿ?” ಎಂದು ನರ್ಸಮ್ಮ ಕೇಳಿದರು.

ಮಿಂಚಕ್ಕ ತಲೆ ತಗ್ಗಿಸಿ, “ಪರವಾಗಿಲ್ಲ ಅಂದೆ,” ಎಂದಳು.

“ಐದು ಸಲಾನೂ?”

“ದೊಡ್ಡೋರು ಕೇಳಿದಾಗ ಇನ್ನೇನಮ್ಮ ಹೇಳೋದು? ಹೊರಗೆ ಅಷ್ಟು ಜನ ಕಾಯ್ತಿರ್ತಾರೆ. ಅವರ ಮುಂದೆ ಕೂತು ನರಳೋಕಾಗುತ್ತಾ?”

ನರ್ಸಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ, ನಾವು ಪರವಾಗಿಲ್ಲ ಅನ್ನೋದು ‘ತಡ್ಕೊಳ್ತೀನಿ, ನಿಮಗ್ಯಾಕೆ ತೊಂದರೆ’ ಅಂತ. ಅದು ಕಾಗದಕ್ಕೆ ಹೋದ್ರೆ ‘ನೋವಿಲ್ಲ’ ಅಂತಾಗುತ್ತೆ. ತಪ್ಪು ನಿಮ್ಮೊಬ್ಬರದೇ ಅಲ್ಲ. ಎರಡು ನಿಮಿಷದಲ್ಲಿ ಕೇಳೋರಿಗೂ ಅಷ್ಟೇ ಸಾಕು. ಬೆರಳು ಹೋಗಿದ್ರೆ ಅವರ ಫಾರಂನಲ್ಲಿ ಅದಕ್ಕೊಂದು ಖಾನೆ ಇದೆ. ದಿನಾ ಸುಡೋ ನೋವಿಗೆ ಖಾನೆ ಇಲ್ಲ.”

“ಹಾಗಾದ್ರೆ ಸ್ಕ್ಯಾನಲ್ಲಿ ಯಾಕೆ ಕಾಣ್ಲಿಲ್ಲ?” ಭಾವ ಬಿಡಲಿಲ್ಲ.

“ಎಷ್ಟೋ ನೋವು ಸ್ಕ್ಯಾನಲ್ಲಿ ಕಾಣಲ್ಲಪ್ಪ. ಪೆಟ್ಟು ಮಾಗಿದ ಮೇಲೂ ನರಗಳು ಕೂಗ್ತಾನೇ ಇರಬಹುದು. ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ.” ಹಾಗೆಂದು ಅವರು ಒಂದು ಪುಸ್ತಕವನ್ನು ಭಾವನ ಕೈಗೇ ಕೊಟ್ಟರು. “ಹತ್ತು ದಿನ ನೀವೇ ಬರೀರಿ. ನೋವಿದೆ ಅಂತ ಬರೀಬೇಡಿ. ಎಷ್ಟು ಹೊತ್ತು ಕೂತ್ರು, ಏನು ಎತ್ತೋಕಾಗ್ಲಿಲ್ಲ, ಯಾವ ಕೆಲಸ ಅರ್ಧಕ್ಕೆ ಬಿಟ್ರು, ಅದನ್ನ ಬರೀರಿ.”

ಭಾವ ದಿನವೂ ಬಸ್ಸಿನ ಟ್ರಿಪ್ ಶೀಟು ಬರೆಯುವವನು. ಬರೆಯಲು ಕೂತ. ಮೊದಲ ದಿನ ನಗುನಗುತ್ತಲೇ ಬರೆದ. ಕುರ್ಚಿಯಲ್ಲಿ ಏಳು ನಿಮಿಷ. ನೀರಿನ ಕೊಡ ಎತ್ತಲಿಲ್ಲ, ಚೊಂಬಿನಲ್ಲಿ ಹನ್ನೊಂದು ಸಲ ಹೊತ್ತಳು. ಎರಡನೆಯ ದಿನ ನಗು ಕಡಿಮೆಯಾಯಿತು. ನಾಲ್ಕನೆಯ ದಿನ ಸಂಜೆ ನಾನು ಅಲ್ಲೇ ಇದ್ದೆ. ಅವನು ಪೆನ್ನು ಹಿಡಿದು, “ತಲೆ ಬಾಚ್ಕೊಳ್ಳೋದು ಎಷ್ಟು ನಿಮಿಷ?” ಎಂದ.

“ಬಾಚೋಕೆ ಏನಿದೆ? ಕತ್ತರಿಸಿಬಿಟ್ಟೆನಲ್ಲ,” ಎಂದಳು.

“ಅದು ನಿನ್ನ ಶೋಕಿ. ಅದನ್ನ ಬರಿಯೋಕಾಗುತ್ತಾ?”

“ಶೋಕಿ ಅಲ್ಲ ರೀ. ಬಗ್ಗಿ ತಲೆ ತೊಳ್ಕೊಳ್ಳೋಕೆ ಆಗ್ತಿರಲಿಲ್ಲ.”

ಸೊಂಟದವರೆಗೆ ಕೂದಲಿದ್ದ ಹೆಂಗಸು ಅವಳು. ಕತ್ತರಿಸಿಕೊಂಡ ದಿನ ಭಾವ ಬೀದಿಗೆಲ್ಲ ಕೇಳುವಂತೆ, “ನಮ್ಮನೆಗೆ ಸಿನಿಮಾ ನಟಿ ಬಂದವಳೆ!” ಎಂದು ನಕ್ಕಿದ್ದ. ನಾವೂ ನಕ್ಕಿದ್ದೆವು. ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಭಾವ ಆ ಸಾಲನ್ನು ಬರೆಯಲು ಬಹಳ ಹೊತ್ತು ತೆಗೆದುಕೊಂಡ.

ಗಡುವಿಗೆ ಒಂದು ದಿನ ಮೊದಲು ಮೇಲ್ಮನವಿ ಸಲ್ಲಿಸಿ, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಂಡೆವು. ಮುಂದಿನ ವಾರವೇ ವಿಚಾರಣೆಗೆ ಕರೆ ಬಂತು. ಸಣ್ಣ ಕೋಣೆ, ಉದ್ದ ಮೇಜು, ಗೋಡೆಗೆ ಒರಗಿಸಿಟ್ಟ ಫೈಲುಗಳು. ಅಧಿಕಾರಿ ತಲೆ ಎತ್ತದೆಯೇ ಕೇಳಿದರು: “ಈಗ ಹೇಗಿದ್ದೀರಮ್ಮ?”

“ಪರವಾ...” ಎಂದುಬಿಟ್ಟಳು ಮಿಂಚಕ್ಕ! ಅಭ್ಯಾಸ ಎಂದರೆ ಅದೇ ತಾನೆ. ಅವಳು ಅಲ್ಲಿಗೇ ನಿಲ್ಲಿಸಿ, ಮೇಜಿನ ಅಂಚು ಹಿಡಿದು ಎದ್ದು ನಿಂತಳು.

“ಕ್ಷಮಿಸಿ ಸಾರ್, ನಿಂತೇ ಹೇಳ್ತೀನಿ. ಏಳು ನಿಮಿಷಕ್ಕಿಂತ ಹೆಚ್ಚು ಕೂತ್ಕೊಳ್ಳೋಕೆ ನನ್ನಿಂದಾಗಲ್ಲ. ಎಡಗಾಲು ಸಂಜೆ ಹೊತ್ತಿಗೆ ನಂದಲ್ಲ ಅನ್ಸುತ್ತೆ. ಟವೆಲ್ ಮಡಚಿ ಮನೆಗೆ ಹೋದ್ರೆ ಒಂದು ಗಂಟೆ ನೆಲದ ಮೇಲೆ ಮಲಗಿ ಆಮೇಲೆ ಒಲೆ ಹಚ್ಚೋದು. ಹದಿನಾಲ್ಕು ತಿಂಗಳಲ್ಲಿ ನೋವಿಲ್ಲದ ಒಂದು ದಿನ ನಂಗೆ ನೆನಪಿಲ್ಲ.” ಹೀಗೆ ಒಂದೊಂದಾಗಿ ಹೇಳುತ್ತಾ ಹೋದಳು. ಕೂದಲಿನ ವಿಷಯವನ್ನೂ ಹೇಳಿದಳು. ಅಧಿಕಾರಿ ಭಾವನ ಪುಸ್ತಕದ ಹಾಳೆಗಳನ್ನು ತಿರುವಿದರು, ಈ ಸಲ ತಲೆ ಎತ್ತಿದರು.

“ಇಷ್ಟೆಲ್ಲ ಇದ್ದರೆ ಮೊದಲೇ ಯಾಕೆ ಹೇಳಲಿಲ್ಲ?”

ಉತ್ತರ ಕೊಟ್ಟದ್ದು ಭಾವ. “ಯಾರೂ ಸರಿಯಾಗಿ ಕೇಳ್ಲಿಲ್ಲ ಸಾರ್. ನಿಮ್ಮ ಡಾಕ್ಟ್ರು ಕೇಳ್ಲಿಲ್ಲ. ಒಂದೇ ಮನೇಲಿದ್ದು ನಾನೂ ಕೇಳ್ಲಿಲ್ಲ.”

ಹಳೆಯ ಆದೇಶ ರದ್ದಾಯಿತು. ಬೇರೆ ವೈದ್ಯರು ಮತ್ತೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ಭಾರದ ಕೆಲಸ ಕೊಡಕೂಡದು ಎಂದು ಬರೆದುಕೊಟ್ಟರು. ಗೆದ್ದೆವು ಎಂದು ಕುಣಿಯುವಂಥದ್ದೇನೂ ಇಲ್ಲ. ಪರಿಹಾರದ ತೀರ್ಮಾನ ಇನ್ನೂ ಆಗಿಲ್ಲ, ಮಿಂಚಕ್ಕನ ನೋವು ಹೋಗಿಲ್ಲ. ಆದರೆ ಆ ಯಂತ್ರದ ಮುಂದೆ ಅವಳು ನಿಲ್ಲಬೇಕಾಗಿಲ್ಲ. ಈಗ ಪ್ರತಿ ಭೇಟಿಗೂ ಭಾವ ರಜೆ ಹಾಕಿ ಜೊತೆಗೆ ಹೋಗುತ್ತಾನೆ.

ಅಕ್ಕತಂಗಿಯರೇ, ಅಣ್ಣಂದಿರೇ, ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಕಚೇರಿ ತಾಯಿಯೂ ಅಲ್ಲ. ಕೆಲಸದಲ್ಲಿ ಪೆಟ್ಟಾದರೆ ಅದೇ ದಿನ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ಪಡೆಯಿರಿ. ಡಾಕ್ಟರ ಮುಂದೆ ಸಂಕೋಚ ಬೇಡ. ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ಲೆಕ್ಕವಿಟ್ಟು ಹೇಳಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆಗುವುದಿಲ್ಲ ಎಂಬ ಪತ್ರ ಬಂದರೆ ಗಡುವಿನ ದಿನಾಂಕ ನೋಡಿ, ಅದು ಮೀರುವ ಮೊದಲೇ ಮೇಲ್ಮನವಿ ಸಲ್ಲಿಸಿ.

ಇನ್ನು, ನೋವಿಲ್ಲದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಗೋಡೆ ಹಿಡಿದು ನಡೆಯುವವರು ಯಾರಿದ್ದಾರೆ ನೋಡಿ. ಇವತ್ತೇ ಅವರ ಪಕ್ಕ ಕೂತು ಕೇಳಿ. ಮೊದಲ ಉತ್ತರ ಬಂದಕೂಡಲೇ ಎದ್ದು ಹೋಗಬೇಡಿ, ಇನ್ನೊಂದು ಸಲ ಕೇಳಿ.