ಖಂಡೇ ಪೂಜೆಯ ದಿನ ಕೊಟ್ಟ ಆದೇಶ

ದುರ್ಗಾಳ ಮೇಲ್ಮನವಿಯನ್ನು ತಡವಾಗಿ ಬಂದಿದೆ ಎಂಬ ನೆವ ಹೇಳಿ ಹೊಸ್ತಿಲಲ್ಲೇ ತಿರುಗಿಸಿ ಕಳಿಸಬೇಕೆಂದು ಗೂಳಪ್ಪ ಹಟ ಹಿಡಿದಿದ್ದ. ಕುಂದಗೋಳ ಕಡೆಯ ಒಂದು ಸರ್ಕಾರಿ ಕಚೇರಿಗೆ ಅವನು ಮ್ಯಾನೇಜರು, ಅವಳು ಅಲ್ಲೇ ಕ್ಲರ್ಕು. ಯರಗುಪ್ಪಿಯ ದಲಿತ ಕೇರಿಯಲ್ಲಿ ಹುಟ್ಟಿ, ಪರೀಕ್ಷೆ ಪಾಸಾಗಿ, ಯಾರ ಕೈಕಾಲೂ ಹಿಡಿಯದೆ ಕುರ್ಚಿಗೆ ಬಂದವಳು. ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು.

ಆ ಕಚೇರಿಯಲ್ಲಿ ಪ್ರತಿ ವರ್ಷ ದಸರಾ ರಜೆಗೆ ಮುಂಚಿನ ದಿನ ಕಪಾಟು, ಕಂಪ್ಯೂಟರು, ಜೀಪಿಗೆಲ್ಲ ಹೂ ಏರಿಸಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಮಾಡುವುದು ವಾಡಿಕೆ. ಪ್ರತಿ ವರ್ಷ ಅದೇ ದಿನ ಬೆಳಿಗ್ಗೆ ದುರ್ಗಾಗೆ ಯಾವುದೋ ದೂರದ ಹಳ್ಳಿಯ ಅರ್ಜೆಂಟ್ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಎಂಥ ಕಾಕತಾಳೀಯ ನೋಡಿ! ಕೊನೆಗೆ ಬೇಸತ್ತ ಅವಳು, ನನ್ನೊಬ್ಬಳನ್ನೇ ಯಾಕೆ ಅಟ್ಟುತ್ತೀರಿ ಎಂದು ಬರೆದು ಕೇಳಿದಳು. ಉತ್ತರದ ಬದಲು ಶಿಕ್ಷೆ ಬಂತು. ಹಿರಿಯರಿಗೆ ಎದುರಾಡಿದಳೆಂದು ಗೂಳಪ್ಪ ವರದಿ ಹಾಕಿ, ಅವಳ ವೇತನ ಬಡ್ತಿ ತಡೆಯುವ ಆದೇಶ ಮಾಡಿಸಿದ.

ಆದೇಶ ಕೈಗೆ ಬಂದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬೇಕು, ಅದು ನಿಯಮ. ಗೂಳಪ್ಪ ದಸರಾಕ್ಕೆ ಮುಂಚೆಯೇ ಬಂದ ಆ ಹಾಳೆಯನ್ನು ತನ್ನ ಡ್ರಾದಲ್ಲಿ ಬೆಚ್ಚಗೆ ಮಲಗಿಸಿಟ್ಟಿದ್ದು, ಎರಡೂವರೆ ತಿಂಗಳು ಕಳೆದು ಎಳ್ಳ ಅಮಾಸಿಯ ಹೊತ್ತಿಗೆ ಅವಳ ಟೇಬಲ್ಲಿಗೆ ಎಸೆದ. ಸಹಿ ಬೇಡವೇ ಎಂದು ಅವಳು ಕೇಳಿದರೆ ಆಮೇಲೆ ನೋಡೋಣ ಎಂದು ಕೈ ಬೀಸಿದ. ಅವಳು ತಿಂಗಳೊಳಗೆ ಮನವಿ ಹಾಕಿದಳು. ಆಗ ಅವನ ಬಾಣ ಹೊರಬಿತ್ತು: ಆದೇಶವನ್ನು ಖಂಡೇ ಪೂಜೆಯ ದಿನವೇ ಎಲ್ಲರೆದುರು ಕೈಗೆ ಕೊಟ್ಟಿದ್ದೇನೆ, ಸಹಿ ಮಾಡಲು ಅವಳೇ ಒಪ್ಪಲಿಲ್ಲ, ಅವಧಿ ಮುಗಿದಿದೆ.

ಅವಧಿ ಮುಗಿದಿದೆ ಎಂದಾದರೆ ಮನವಿಯನ್ನು ಯಾರೂ ತೆರೆದು ನೋಡುವುದಿಲ್ಲ. ಬಡ್ತಿ ಹೋದರೆ ಹೋಗಲಿ, ಪೂಜೆಯಿಂದ ತನ್ನನ್ನು ಹೊರಗಿಡುತ್ತಾರೆಂದು ಮನವಿಯಲ್ಲಿ ಬರೆದ ಮಾತೇ ಮಣ್ಣುಪಾಲಾಗುತ್ತದೆ ಎನ್ನುವುದು ದುರ್ಗಾಳ ಸಂಕಟ. ತಡವಾಯಿತೆಂದು ಕ್ಷಮೆ ಕೇಳಿ ಒಂದು ಅರ್ಜಿ ಬರೆದುಕೊಡು, ದೊಡ್ಡವರು ಮನ್ನಿಸುತ್ತಾರೆ ಎಂದು ಹಿತೈಷಿಗಳು ಹೇಳಿದರು. ಅವ್ವ ದುಂಡವ್ವನೂ ಅದನ್ನೇ ಹೇಳಿದಾಗ ದುರ್ಗಾ ರೊಟ್ಟಿ ಮುರಿಯುವುದನ್ನು ಬಿಟ್ಟು ತಲೆ ಎತ್ತಿದಳು.

"ತಡಾನ ಮಾಡಿಲ್ಲ ಬೇ ನಾನು. ಮಾಡದ ತಪ್ಪಿಗೆ ಕ್ಷಮಾ ಯಾಕ ಕೇಳ್ಲಿ?"

ದುಂಡವ್ವ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ವಿಚಾರಣೆ ಧಾರವಾಡದಲ್ಲಿ, ಮೇಲಧಿಕಾರಿ ಮೇಡಂ ಅವರ ಮುಂದೆ. ಒಳಗೆ ಕರೆಯುವ ಮೊದಲು ಗೂಳಪ್ಪ ಪಡಸಾಲೆಯಲ್ಲಿ ಅವಳ ಬಾಜುವಿಗೆ ಬಂದು ನಿಂತ. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

"ನೋಡವಾ ದುರ್ಗಾ, ಆ ಪೂಜಿ ಮಾತೊಂದು ತಗದ್ಹಾಕು. ತಾರೀಖಿನ ತಕರಾರು ನಾನೂ ಬಿಡ್ತೀನಿ."

"ಅದೊಂದ ಮಾತಿಗೇ ನಾ ಇಲ್ಲೀತನಕ ಬಂದೀನ್ರಿ ಸಾಹೇಬ್ರ," ಎಂದಳು ಅವಳು, ಮತ್ತು ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಹೆದರಿಕೆಯೇ ಇರಲಿಲ್ಲ. ಪೂಜೆಯ ದಿನ ಅವಳು ಕೆಲಸಕ್ಕೆಂದು ಅಟ್ಟಿದ ಹಳ್ಳಿಯಲ್ಲಿದ್ದಳು, ಅದಕ್ಕೆ ಊರಿಗೆ ಊರೇ ಸಾಕ್ಷಿ ಹೇಳುತ್ತಿತ್ತು. ಯಾರನ್ನು ಕರೆಸಬೇಕೆಂದು ಅವಳು ಆಗಲೇ ಗೊತ್ತುಮಾಡಿಕೊಂಡಿದ್ದಳು.

ಮೇಡಂ ಗೂಳಪ್ಪನನ್ನೇ ಮೊದಲು ಕೇಳಿದರು, ಆದೇಶ ಕೊಟ್ಟದ್ದಕ್ಕೆ ಸಾಕ್ಷಿ ಯಾರು? ಗೂಳಪ್ಪ ಈ ಪ್ರಶ್ನೆಗೇ ಕಾದಿದ್ದ. ಆ ದಿನ ಕಚೇರಿಯ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ, ಎಲ್ಲರೂ ಸಾಕ್ಷಿಗಳೇ ಎಂದು ಎದೆ ಉಬ್ಬಿಸಿ, ಪೂಜೆಯ ಗ್ರೂಪ್ ಫೋಟೋ ಇದ್ದ ಫೋನನ್ನೇ ಅವರ ಮುಂದಿಟ್ಟ.

ಮೇಡಂ ಕನ್ನಡಕ ಏರಿಸಿ, ಬೆರಳಿನಿಂದ ಫೋಟೋ ಹಿಗ್ಗಿಸಿ ಸಾವಕಾಶ ನೋಡಿದರು. ಜೀಪಿನ ಡ್ರೈವರು, ವಾಚ್‌ಮನ್, ಕಸ ಗುಡಿಸುವವನ ಮಕ್ಕಳು, ಹೂವಿನ ಅಂಗಡಿಯವ ಕೂಡ ಹಣೆತುಂಬ ಕುಂಕುಮ ಬಳಿದುಕೊಂಡು ನಗುತ್ತ ನಿಂತಿದ್ದರು.

"ಎಲ್ಲಾರೂ ಅದಾರ, ಖರೆ," ಎಂದರು ಮೇಡಂ. "ದುರ್ಗಾ ಎಲ್ಲಿ ಅದಾರ್ರಿ?"

ಗೂಳಪ್ಪ ಫೋನು ತೆಗೆದುಕೊಂಡ. ಮುಂದಿನ ಸಾಲು ನೋಡಿದ, ಹಿಂದಿನ ಸಾಲು ನೋಡಿದ, ಮತ್ತೆ ಮುಂದಿನ ಸಾಲಿಗೆ ಬಂದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ನಿಜವಾದ ಗಲಿಬಿಲಿ ಇತ್ತು. ಎಲ್ಲರೂ ಇದ್ದ ದಿನವೆಂದೇ ಪಾಪ ಅವನು ಆ ದಿನವನ್ನು ಆರಿಸಿದ್ದ. ಅವಳನ್ನು ಹಳ್ಳಿಗೆ ಅಟ್ಟಿದ್ದು ತಾನೇ ಎಂಬುದೂ ಅವನಿಗೆ ನೆನಪಿರಲಿಲ್ಲ; ಎಲ್ಲರೂ ಎಂದಾಗ ಅವನ ಲೆಕ್ಕದಲ್ಲಿ ದುರ್ಗಾ ಎಂದೂ ಇರಲಿಲ್ಲ. ಅವನು ತಲೆ ಎತ್ತಿ, ಮೇಡಂ ಅವರನ್ನು ಮರೆತು, ಅವಳನ್ನೇ ಕೇಳಿದ.

"ನೀ ಅವತ್ತ ಇದ್ದಿಲ್ಲೇನವಾ?"

ಸುಳ್ಳಿಗೆ ಉತ್ತರ ಕೊಡಲು ದುರ್ಗಾ ತಯಾರಾಗಿ ಬಂದಿದ್ದಳು, ಈ ಪ್ರಶ್ನೆಗೆ ಅಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ದನಿ ಗಟ್ಟಿಮಾಡಿಕೊಂಡಳು.

"ಒಂದ ವರ್ಷಾನೂ ಇದ್ದಿಲ್ರಿ. ಅದನ್ನ ನಾ ಮನವಿಯೊಳಗ ಬರದೀನಿ."

ಮೇಡಂ ಟೈಪಿಸ್ಟನ ಕಡೆ ತಿರುಗಿ, ಮನವಿ ಅವಧಿಯೊಳಗೇ ಬಂದಿದೆ ಎಂದು ಬರೆಸಿದರು. ಆಮೇಲೆ ಗೂಳಪ್ಪ ಈಗ ಕೇಳಿದ ಪ್ರಶ್ನೆಯನ್ನೂ ಒಂದಕ್ಷರ ಬಿಡದೆ ಬರೆದುಕೊಳ್ಳಲು ಹೇಳಿದರು.